ಮುಖಕ್ಕೆ ಸೂಜಿ ಹಾಕಿಸಿಕೊಳ್ಳುವ ಮುನ್ನ: ಸ್ಕಿನ್ ಬೂಸ್ಟರ್, ಪಿಆರ್‌ಪಿ, ಸಾಲ್ಮನ್ ಇಂಜೆಕ್ಷನ್ ಬಗ್ಗೆ ಹೆಜ್ಜೆ ಹೆಜ್ಜೆಯಾಗಿ

ಹೋದ ವಾರ ರಾತ್ರಿ ಹತ್ತು ಗಂಟೆಗೆ ಚಿಕ್ಕಮ್ಮನ ಮಗಳಿಂದ ವಾಟ್ಸಾಪ್ ಬಂತು. "ಅಕ್ಕಾ, ಸಾಲ್ಮನ್ ಡಿಎನ್‌ಎ ಇಂಜೆಕ್ಷನ್ ಅಂತೆ, ಮುಖ ಗಾಜಿನ ಹಾಗೆ ಹೊಳೆಯತ್ತಂತೆ. ಜಯನಗರದಲ್ಲಿ ಆಫರ್ ಇದೆ. ಮದುವೆಗೆ ಇನ್ನು ಇಪ್ಪತ್ತು ದಿನ. ಮಾಡಿಸಿಬಿಡ್ಲಾ?"

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಚರ್ಮದ ಕ್ಲಿನಿಕ್‌ಗಳಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಸೂಜಿ ಹಿಡಿಯುವವರು ಡಾಕ್ಟರು. ಡಬ್ಬಿ ಒಡೆದು ಕೊಡುವುದು, ಐಸ್ ಹಿಡಿಯುವುದು, ಮನೆಗೆ ಹೋದವರ ಫೋನ್ ಎತ್ತುವುದು ನನ್ನ ಕೆಲಸ. ಆ ಹುಡುಗಿಗೆ ಅವತ್ತು ಮುಕ್ಕಾಲು ಗಂಟೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಈ ಚಿಕಿತ್ಸೆಗಳು ಮೋಸ ಅಂತ ನಾನು ಹೇಳುವುದಿಲ್ಲ. ಸರಿಯಾದ ಮುಖಕ್ಕೆ, ಸರಿಯಾದ ಕೈಯಲ್ಲಿ ಇವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಇದು ಫೇಶಿಯಲ್ ಅಲ್ಲ. ಚರ್ಮದೊಳಗೆ ಒಂದು ವಸ್ತುವನ್ನು ಬಿಟ್ಟು ಬರುವ ವೈದ್ಯಕೀಯ ಚಿಕಿತ್ಸೆ. ಆ ವಸ್ತು ಏನು ಅಂತ ತಿಳಿಯದೆ ಕುರ್ಚಿಯಲ್ಲಿ ಒರಗಬೇಡಿ.

ಮೊದಲನೆಯದು: ನಿಮ್ಮ ಮುಖಕ್ಕೆ ಏನಾಗಿದೆ?

"ಮುಖ ಡಲ್ ಆಗಿದೆ" ಅಂತ ಬರುವವರಲ್ಲಿ ಒಬ್ಬೊಬ್ಬರ ತೊಂದರೆ ಒಂದೊಂದು ಥರ. ಒಬ್ಬರಿಗೆ ಕೆನ್ನೆಯ ಮೇಲೆ ಬಂಗು, ಒಬ್ಬರಿಗೆ ಮೊಡವೆಯ ಗುಳಿ, ಇನ್ನೊಬ್ಬರಿಗೆ ನಿದ್ದೆಯಿಲ್ಲದೆ ಕಣ್ಣ ಕೆಳಗೆ ಕಪ್ಪು. ಬಂಗಿಗೆ ಸ್ಕಿನ್ ಬೂಸ್ಟರ್ ಮದ್ದಲ್ಲ. ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಪ್ರತಿ ಗಾಯವೂ, ಸೂಜಿಯ ಚಿಕ್ಕ ಗಾಯ ಕೂಡ, ಕಪ್ಪು ಕಲೆ ಬಿಟ್ಟು ಹೋಗಬಹುದು. ಬಂಗು ಇರುವವರಲ್ಲಿ ಅದು ಇನ್ನಷ್ಟು ಗಾಢವಾಗಲೂಬಹುದು.

ಬೆಂಗಳೂರು ತಣ್ಣಗಿನ ಊರು, ಇಲ್ಲಿ ಬಿಸಿಲು ಏನು ಮಾಡೀತು ಅನ್ನುವವರು ತುಂಬ ಜನ. ಈ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಾಗಿದ್ದ ಮಾತ್ರಕ್ಕೆ ನೇರಳಾತೀತ ಕಿರಣ ಕಮ್ಮಿ ಆಗುವುದಿಲ್ಲ, ಮೋಡವೂ ಅದನ್ನು ಪೂರ್ತಿ ತಡೆಯುವುದಿಲ್ಲ. ದಿನಾ ಸ್ಕೂಟರ್‌ನಲ್ಲಿ ಔಟರ್ ರಿಂಗ್ ರೋಡ್ ಓಡಾಡುವವರು ಮೂರು ತಿಂಗಳು ತಪ್ಪದೆ ಸನ್‌ಸ್ಕ್ರೀನ್ ಹಚ್ಚಿ, ಡಾಕ್ಟರು ಬರೆದುಕೊಟ್ಟ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮನ್ನು ರಾತ್ರಿ ಹಚ್ಚಿಕೊಂಡರೆ, ಅರ್ಧಕ್ಕರ್ಧ ಜನಕ್ಕೆ ಸೂಜಿಯ ಯೋಚನೆಯೇ ಬೇಕಾಗುವುದಿಲ್ಲ ಅನ್ನುವುದು ನನ್ನ ಅನುಭವ. (ಬಸುರಿಯರಿಗೆ ರೆಟಿನಾಯ್ಡ್ ಬೇಡ.) ಯಾವ ತೊಂದರೆ ಅಂತ ತಿಳಿಯಲು ದುಬಾರಿ ಜಾಗಕ್ಕೇ ಹೋಗಬೇಕು ಅಂತಿಲ್ಲ. ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಸರದಿ ನಿಂತು ಒಂದು ಸಲ ತೋರಿಸಿದರೂ ಸಾಕು.

ಎರಡನೆಯದು: ಸಿರಿಂಜಿನಲ್ಲಿ ಏನಿರುತ್ತದೆ, ಅದು ಏನು ಮಾಡುತ್ತದೆ

ಜಾಹೀರಾತಿನಲ್ಲಿ ಎಲ್ಲಕ್ಕೂ 'ಗ್ಲೋ' ಅನ್ನುವ ಒಂದೇ ಹೆಸರು. ಒಳಗಿನ ವಸ್ತು ಮಾತ್ರ ಬೇರೆ ಬೇರೆ.

ಸ್ಕಿನ್ ಬೂಸ್ಟರ್ ಅಂದರೆ ಹೆಚ್ಚಾಗಿ ಹೈಯಲುರಾನಿಕ್ ಆಸಿಡ್. ನಮ್ಮ ಚರ್ಮದಲ್ಲಿ ಮೊದಲೇ ಇರುವ, ನೀರು ಹಿಡಿದಿಟ್ಟುಕೊಳ್ಳುವ ವಸ್ತು. ಫಿಲ್ಲರ್‌ನಲ್ಲಿ ಇದನ್ನೇ ಗಟ್ಟಿ ಜೆಲ್ ಮಾಡಿ ಕೆನ್ನೆ, ತುಟಿ ಉಬ್ಬಿಸಲು ಬಳಸುತ್ತಾರೆ. ಬೂಸ್ಟರ್‌ನಲ್ಲಿ ತೆಳುವಾಗಿರುತ್ತದೆ, ಆಕಾರ ಬದಲಿಸುವುದಿಲ್ಲ, ಚರ್ಮಕ್ಕೆ ತೇವ ಕೊಟ್ಟು ಸಣ್ಣ ಗೆರೆಗಳನ್ನು ಸ್ವಲ್ಪ ಮರೆಸುತ್ತದೆ. ಪ್ರೊಫೈಲೋ ಅನ್ನುವುದರಲ್ಲಿ 2 ಎಂಎಲ್‌ಗೆ 64 ಮಿಲಿಗ್ರಾಂ ಇರುತ್ತದೆ. ಒಂದೊಂದು ಕೆನ್ನೆಗೆ ಐದೈದು ಕಡೆ ಚುಚ್ಚಿ, ತಿಂಗಳ ಅಂತರದಲ್ಲಿ ಎರಡು ಸಲ ಕೊಡುವುದು ರೂಢಿ. ಸ್ಕಿನ್‌ವೈವ್ ಅನ್ನುವ ಇನ್ನೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಮೇ ತಿಂಗಳಲ್ಲಿ ಕೆನ್ನೆಯ ನುಣುಪಿಗೆಂದು ಒಪ್ಪಿಗೆ ಕೊಟ್ಟಿತು. ಅದರ ಪರಿಣಾಮ ಸುಮಾರು ಆರು ತಿಂಗಳು. ಈ ಗುಂಪಿನಲ್ಲಿ ನನಗೆ ಸಮಾಧಾನ ಕೊಡುವ ಸಂಗತಿ ಒಂದಿದೆ. ಏನಾದರೂ ಎಡವಟ್ಟಾದರೆ ಹೈಯಲುರಾನಿಡೇಸ್ ಎಂಬ ಇಂಜೆಕ್ಷನ್ ಕೊಟ್ಟು ಇದನ್ನು ಕರಗಿಸಬಹುದು.

ಚಿಕ್ಕಮ್ಮನ ಮಗಳು ಕೇಳಿದ ಸಾಲ್ಮನ್ ಇಂಜೆಕ್ಷನ್ ಅಂದರೆ ಪಾಲಿನ್ಯೂಕ್ಲಿಯೋಟೈಡ್. ಸಾಲ್ಮನ್ ಅಥವಾ ಟ್ರೌಟ್ ಮೀನಿನ ವೀರ್ಯಕೋಶದ ಡಿಎನ್‌ಎಯನ್ನು ಶುದ್ಧ ಮಾಡಿ ತಯಾರಿಸಿದ್ದು. ಕೊರಿಯಾದಿಂದ ಬಂದು ಜನಪ್ರಿಯವಾಯಿತು. ಚರ್ಮ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಇದು ಪ್ರಚೋದನೆ ಕೊಡುತ್ತದೆ ಅನ್ನುವುದು ಹಿಂದಿನ ತರ್ಕ. ಕಣ್ಣ ಕೆಳಗಿನ ತೆಳು ಚರ್ಮಕ್ಕೆ, ಮೊಡವೆ ಗುಳಿಗಳಿಗೆ ಒಳ್ಳೆಯ ಫಲಿತಾಂಶದ ಅಧ್ಯಯನಗಳಿವೆ, ಆದರೆ ಹೆಚ್ಚಿನವು ಚಿಕ್ಕವು, ಕೆಲವೇ ತಿಂಗಳ ಅವಧಿಯವು. ಮೀನು ಅಲರ್ಜಿ ಇದ್ದವರು ದೂರ ಇರಬೇಕು. ಇನ್ನೊಂದು ಮಾತು ಯಾವ ಕರಪತ್ರದಲ್ಲೂ ಇರುವುದಿಲ್ಲ: ಶುದ್ಧ ಸಸ್ಯಾಹಾರಿ ಮನೆಯವರು ಇದು ಮೀನಿನದು ಅಂತ ಆಮೇಲೆ ತಿಳಿದು ನೊಂದುಕೊಂಡಿದ್ದನ್ನು ನೋಡಿದ್ದೇನೆ. ಮೊದಲೇ ಕೇಳಿಕೊಳ್ಳಿ. ಈಗಿನ ಹೈಯಲುರಾನಿಕ್ ಆಸಿಡ್ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಹುದುಗುವಿಕೆಯಿಂದ ಬರುತ್ತದೆ.

ಪಿಆರ್‌ಪಿಯಲ್ಲಿ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ತಿಳಿಹಳದಿ ಭಾಗವನ್ನು ಚುಚ್ಚುತ್ತಾರೆ. ಹೊರಗಿನ ವಸ್ತು ಇಲ್ಲವಾದ್ದರಿಂದ ಅಲರ್ಜಿ ಕಮ್ಮಿ. ಫಲ ಒಬ್ಬೊಬ್ಬರಿಗೆ ಒಂದೊಂದು ರೀತಿ. ಇಲ್ಲಿ ಅಪಾಯ ಇರುವುದು ರಕ್ತದ ಕೊಳವೆಯಲ್ಲಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡವರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಹೆಸರು ಬರೆಯದ ರಕ್ತದ ಕೊಳವೆಗಳು ಅಡುಗೆಮನೆ ಕಟ್ಟೆಯ ಮೇಲೆ, ತಿಂಡಿ ಇಡುವ ಫ್ರಿಜ್ಜಿನಲ್ಲಿ ಸಿಕ್ಕಿದ್ದವಂತೆ. ರಕ್ತ ತೆಗೆದ ತಕ್ಷಣ, ನಿಮ್ಮ ಕಣ್ಣೆದುರೇ ಕೊಳವೆಯ ಮೇಲೆ ನಿಮ್ಮ ಹೆಸರು ಬರೆಯಬೇಕು. ಬರೆಯದಿದ್ದರೆ ಎದ್ದು ಬನ್ನಿ.

ಬೊಟಾಕ್ಸ್ ಹೊಸದಲ್ಲ. ಹುಬ್ಬಿನ ನಡುವಿನ ಗೆರೆಗೆ ಎಫ್‌ಡಿಎ ಒಪ್ಪಿದ್ದು 2002ರಲ್ಲೇ. ಸ್ನಾಯುವನ್ನು ಮೂರು ನಾಲ್ಕು ತಿಂಗಳು ಸಡಿಲ ಬಿಡುತ್ತದೆ, ಅಷ್ಟೇ. ಸ್ಕಲ್ಪ್‌ಟ್ರಾ, ರೇಡಿಯೆಸ್ ಥರದವು ಚರ್ಮದಲ್ಲಿ ಕಾಲಜನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್) ಬೆಳೆಸುವ ವಸ್ತುಗಳು. ಪರಿಣಾಮ ನಿಧಾನ, ಬಾಳಿಕೆ ಹೆಚ್ಚು. ಆದರೆ ಗಂಟು ಕಟ್ಟಿದರೆ ಹೈಯಲುರಾನಿಡೇಸ್‌ಗೆ ಇವು ಕರಗುವುದಿಲ್ಲ. ಮೊದಲ ಸಲ ಮಾಡಿಸುವವರು ಇವುಗಳಿಂದ ಶುರು ಮಾಡುವುದು ನನಗೆ ಇಷ್ಟವಿಲ್ಲ.

ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ ಅತಿ ಸೂಕ್ಷ್ಮ ಚೀಲಗಳು) ಮತ್ತು ಗ್ಲುಟಾಥಯೋನ್ ವಿಷಯದಲ್ಲಿ ನಾನು ಬಿಗಿ. ಚುಚ್ಚಲೆಂದು ಎಫ್‌ಡಿಎ ಒಪ್ಪಿದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ. ಮಾರುಕಟ್ಟೆಯ ಎಷ್ಟೋ ಬಾಟಲಿಗಳ ಮೇಲೆ 'ಹೊರಗೆ ಹಚ್ಚಲು ಮಾತ್ರ' ಅಂತ ಅವರೇ ಬರೆದಿರುತ್ತಾರೆ. ಬೆಳ್ಳಗಾಗಲು ಗ್ಲುಟಾಥಯೋನ್ ಡ್ರಿಪ್ ಹಾಕಿಸಿಕೊಳ್ಳುವುದರ ವಿರುದ್ಧ ಫಿಲಿಪ್ಪೀನ್ಸ್‌ನ ಔಷಧ ಇಲಾಖೆ ವರ್ಷಗಳ ಹಿಂದೆಯೇ ಎಚ್ಚರಿಸಿದೆ. ಯಕೃತ್ತಿಗೆ ಪೆಟ್ಟು, ತೀವ್ರ ಅಲರ್ಜಿಯ ಭಯ ಇದೆ. ಅರಿಶಿನ, ಗೋಧಿ, ಎಣ್ಣೆಗಪ್ಪು, ಯಾವ ಬಣ್ಣವಾದರೂ ಅದು ರೋಗವಲ್ಲ, ಅದಕ್ಕೆ ಡ್ರಿಪ್ ಬೇಡ.

ಮೂರನೆಯದು: ದಿನ ಲೆಕ್ಕ ಹಾಕಿ

ಇಪ್ಪತ್ತು ದಿನದಲ್ಲಿ ಮದುವೆ ಇದ್ದರೆ ಮೊದಲ ಬಾರಿಯ ಇಂಜೆಕ್ಷನ್ ಬೇಡ, ಅಷ್ಟೇ. ಬೂಸ್ಟರ್ ಚುಚ್ಚಿದ ಜಾಗದಲ್ಲಿ ಸೊಳ್ಳೆ ಕಚ್ಚಿದಂಥ ಗುಳ್ಳೆ ಒಂದೆರಡು ದಿನ ಇರುತ್ತದೆ. ನೀಲಿಗಟ್ಟಿದರೆ ಹತ್ತು ದಿನವಾದರೂ ಬೇಕು. ಹೆಚ್ಚಿನ ಕೋರ್ಸ್‌ಗಳಿಗೆ ಎರಡು ಮೂರು ಸಿಟ್ಟಿಂಗ್ ಬೇಕಾಗುತ್ತದೆ, ನಡುವೆ ಮೂರು ನಾಲ್ಕು ವಾರ ಅಂತರ. ಅಂದರೆ ಮುಹೂರ್ತಕ್ಕೆ ಕನಿಷ್ಠ ಮೂರು ತಿಂಗಳು ಮುಂಚೆ ಶುರುವಾಗಬೇಕು. ಶ್ರಾವಣದಲ್ಲಿ ಮದುವೆ ಅಂದರೆ ವೈಶಾಖದಲ್ಲೇ ಡಾಕ್ಟರ ಹತ್ತಿರ ಹೋಗಿ, ಕೊನೆಯ ಸಿಟ್ಟಿಂಗ್ ಆಷಾಢದ ಶುರುವಿಗೆ ಮುಗಿಸಿ.

ಅರಿಶಿನ ಶಾಸ್ತ್ರ ಮರೆಯಬೇಡಿ. ಹತ್ತು ಜನ ಮುತ್ತೈದೆಯರು ಅರಿಶಿನ ಹಚ್ಚಿ ಕೆನ್ನೆ ತಿಕ್ಕುತ್ತಾರೆ. ಹೊಸದಾಗಿ ಚುಚ್ಚಿದ ಮುಖಕ್ಕೆ ಅದು ನಂಜಾಗಲು ದಾರಿ. ನಡುವೆ ಎರಡು ವಾರವಾದರೂ ಬಿಡುವಿರಲಿ. ಹಾಗೆಯೇ ಹಲ್ಲು ಕೀಳಿಸುವುದು, ರೂಟ್ ಕೆನಾಲ್ ಇದ್ದರೂ ಎರಡು ವಾರ ಹಿಂದೆ ಮುಂದೆ ಮಾಡಿಕೊಳ್ಳಿ.

ಇನ್ನೊಂದು ಲೆಕ್ಕ ನಮ್ಮ ಊರಿಗೇ ಸೇರಿದ್ದು. ಶನಿವಾರ ಸಂಜೆ ಐದು ಗಂಟೆಗೆ ಮಾಡಿಸಿಕೊಂಡು, ರಾತ್ರಿ ಒಂಬತ್ತಕ್ಕೆ ತೊಂದರೆ ಶುರುವಾದರೆ ಕ್ಲಿನಿಕ್ ಮುಚ್ಚಿರುತ್ತದೆ, ಭಾನುವಾರ ರಜೆ. ವೈಟ್‌ಫೀಲ್ಡ್‌ನಲ್ಲಿರುವವರು ಮಲ್ಲೇಶ್ವರಂನಲ್ಲಿ ಮಾಡಿಸಿದರೆ ವಾಪಸ್ ಬರಲು ಎರಡು ಗಂಟೆ. ಮನೆಯಿಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ತಲುಪುವ ಜಾಗ ನೋಡಿ. ವಾರದ ನಡುವೆ, ಬೆಳಗಿನ ಹೊತ್ತು ತಗೊಳ್ಳಿ. ಆಫರ್‌ಗಿಂತ ಇದು ದೊಡ್ಡದು.

ನಾಲ್ಕನೆಯದು: ಯಾರ ಕೈ, ಯಾವ ಗೋಡೆ

ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಇರಬೇಕು. ಬರೀ 'ಕಾಸ್ಮೆಟಾಲಜಿಸ್ಟ್' ಅಂತ ಬೋರ್ಡಿದ್ದರೆ ಅದರ ಹಿಂದಿನ ಡಿಗ್ರಿ ಕೇಳಿ. ಡಾಕ್ಟರ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಲೇಬೇಕು, ಅದನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಪರಿಶೀಲಿಸಬಹುದು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ. ರಿಸೆಪ್ಷನ್‌ನಲ್ಲಿ ಕಾಯುವಾಗ ಎದ್ದು ಹೋಗಿ ಓದಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪಾರ್ಲರ್, ಸಲೂನ್, ಅಪಾರ್ಟ್‌ಮೆಂಟಿನ ಯಾರದೋ ಮನೆ, ಇವು ಯಾವುವೂ ಬೇಡ. ಸೂಜಿಯೇ ಇಲ್ಲ ಅನ್ನುವ 'ಹೈಯಲುರಾನ್ ಪೆನ್' ಕೂಡ ಬೇಡ. ಒತ್ತಡದಿಂದ ಜೆಲ್ ನುಗ್ಗಿಸುವ ಈ ಸಾಧನದ ಬಗ್ಗೆ 2021ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ.

ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ. "ಸರ್, ಹೈಯಲುರಾನಿಡೇಸ್ ಇಲ್ಲೇ ಇಟ್ಟಿದ್ದೀರಾ?" ಮತ್ತು "ರಾತ್ರಿ ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡಲಿ?" ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ನಾನು ಕೆಲಸ ಮಾಡಿದ ಒಬ್ಬ ಮೇಡಂ ತಾವೇ ಫ್ರಿಜ್ ತೆಗೆದು ತೋರಿಸುತ್ತಿದ್ದರು.

ನಿಮ್ಮ ವಿಷಯವನ್ನೂ ಮುಚ್ಚಿಡದೆ ಹೇಳಿ. ಬಸುರಿ, ಬಾಣಂತಿ, ಎದೆಹಾಲು ಕುಡಿಸುವವರಾದರೆ ಮುಂದೂಡಿ. ರಕ್ತ ತೆಳುವಾಗುವ ಮಾತ್ರೆ, ಆಸ್ಪಿರಿನ್ ತಗೊಳ್ಳುತ್ತಿದ್ದರೆ ತಿಳಿಸಿ (ಹೃದಯಕ್ಕೆ ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ). ತುಟಿಯ ಸುತ್ತ ಸರ್ಪಸುತ್ತಿನಂಥ ಹರ್ಪಿಸ್ ಗುಳ್ಳೆ ಆಗಾಗ ಬರುವವರು, ಗಾಯ ವಾಸಿಯಾದ ಮೇಲೂ ಚರ್ಮ ಉಬ್ಬಿ ಬೆಳೆಯುವ ಕೀಲಾಯ್ಡ್ ಇರುವವರು, ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗುವ ಲೂಪಸ್‌ನಂಥ ಕಾಯಿಲೆ ಇರುವವರು, ಸ್ನಾಯುಗಳು ಬಲ ಕಳೆದುಕೊಳ್ಳುವ ಮಯಸ್ಥೇನಿಯಾ ಗ್ರಾವಿಸ್ ಇರುವವರು ವಿಶೇಷವಾಗಿ ಹೇಳಬೇಕು. ಮಯಸ್ಥೇನಿಯಾ ಇದ್ದವರಿಗೆ ಬೊಟಾಕ್ಸ್ ಅಪಾಯ. ಮುಖದಲ್ಲಿ ಕೀವು ತುಂಬಿದ ಮೊಡವೆ ಇದ್ದ ದಿನ ಯಾವ ಇಂಜೆಕ್ಷನ್ನೂ ಬೇಡ.

ಐದನೆಯದು: ಡಬ್ಬಿ ನಿಮ್ಮೆದುರು ಒಡೆಯಲಿ

ನನ್ನ ದೊಡ್ಡಪ್ಪನ ಸೊಸೆ, ನಾವೆಲ್ಲ ಅತ್ತಿಗೆ ಅಂತ ಕರೆಯುವವರು, ಮೂರು ವರ್ಷದ ಹಿಂದೆ ನನಗೆ ಹೇಳದೆ ಪರಿಚಯದವರೊಬ್ಬರ ಪಾರ್ಲರ್‌ನಲ್ಲಿ 'ಗ್ಲೋ ಇಂಜೆಕ್ಷನ್' ಮಾಡಿಸಿಕೊಂಡರು. ಮೊದಲ ವಾರ ಚೆನ್ನಾಗಿತ್ತಂತೆ. ಮೂರನೆಯ ವಾರ ಚುಚ್ಚಿದ ಒಂದೊಂದು ಜಾಗದಲ್ಲೂ ಕಡಲೆಕಾಳಿನಷ್ಟು ಗಂಟು ಎದ್ದಿತು. ನಮ್ಮ ಮನೆಗೆ ಬಂದಾಗ ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದರು. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಎಡಗೆನ್ನೆಯಲ್ಲಿ ಆರು, ಬಲಗೆನ್ನೆಯಲ್ಲಿ ಐದು. ಎರಡು ಬಿಸಿಯಾಗಿದ್ದವು, ಒಂದರ ತುದಿ ತೆಳುವಾಗಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಮರುದಿನ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಒಳಗೆ ಹಾಕಿದ್ದು ಏನು?" ಅತ್ತಿಗೆ ಹತ್ತಿರ ಉತ್ತರ ಇರಲಿಲ್ಲ. ಪಾರ್ಲರ್‌ಗೆ ಫೋನ್ ಮಾಡಿದರೆ "ಕೊರಿಯನ್ ಪ್ರಾಡಕ್ಟ್" ಅಂದರು, ಅಷ್ಟೇ. ಹೈಯಲುರಾನಿಕ್ ಆಸಿಡ್ ಆಗಿದ್ದರೆ ಕರಗಿಸುವ ದಾರಿ ಇತ್ತು. ಬೇರೆ ವಸ್ತುವಾದರೆ ಆ ಇಂಜೆಕ್ಷನ್‌ನಿಂದ ಪ್ರಯೋಜನವಿಲ್ಲ. ಕೊನೆಗೆ ಒಂದು ಗಂಟಿನ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಕ್ಷಯದ ಸಂಬಂಧಿಯಾದ, ನೀರಿನಲ್ಲಿ ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ ಸೋಂಕು ಅಂತ ವರದಿ ಬಂತು. ಶುಚಿಯಿಲ್ಲದ ಸೂಜಿ, ನೀರು, ಕಲುಷಿತ ಬಾಟಲಿಯಿಂದ ಬರುವಂಥದ್ದು. ಐದು ತಿಂಗಳು ಆ್ಯಂಟಿಬಯಾಟಿಕ್ ನುಂಗಿದರು. ಗಂಟು ಹೋಯಿತು, ಕಲೆಗಳಲ್ಲಿ ನಾಲ್ಕು ಇನ್ನೂ ಇವೆ.

ಅದಕ್ಕೇ ಈ ಹೆಜ್ಜೆಯನ್ನು ಯಾರೂ ಹಾರಿಸಬಾರದು. ಸೀಲ್ ಇರುವ ಡಬ್ಬಿಯನ್ನು ನಿಮ್ಮ ಕೈಗೆ ಕೊಡಲಿ. ಹೆಸರು, ಬ್ಯಾಚ್ ಅಥವಾ ಲಾಟ್ ನಂಬರ್, ಅವಧಿ ಮುಗಿಯುವ ದಿನಾಂಕ, ಭಾರತಕ್ಕೆ ತರಿಸಿದವರ ಹೆಸರು ಮತ್ತು ಆಮದು ಲೈಸೆನ್ಸ್ ಸಂಖ್ಯೆ, ಎಲ್ಲವನ್ನೂ ಓದಿ. ಕೊರಿಯನ್ ಅಕ್ಷರ ಮಾತ್ರ ಇದ್ದು ಆಮದುದಾರರ ಲೇಬಲ್ ಇಲ್ಲದಿದ್ದರೆ ಅದು ಸೂಟ್‌ಕೇಸಿನಲ್ಲಿ ಬಂದ ಮಾಲು ಅಂತಲೇ ತಿಳಿಯಿರಿ. ಬೊಟಾಕ್ಸ್ ಆದರೆ ಅದು ಫ್ರಿಜ್ಜಿನಿಂದ ಬರಬೇಕು. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್‌ನಿಂದ ಜನ ಆಸ್ಪತ್ರೆ ಸೇರಿದರು. ಕಣ್ಣು ಮಂಜಾಗುವುದು, ನುಂಗಲು ಕಷ್ಟವಾಗುವುದು ಅವರ ಲಕ್ಷಣಗಳಲ್ಲಿ ಸೇರಿದ್ದವು.

ಒಳ್ಳೆಯ ಫಿಲ್ಲರ್, ಬೂಸ್ಟರ್ ಡಬ್ಬಿಯೊಳಗೆ ಸಾಮಾನ್ಯವಾಗಿ ಬೆರಳುಗಲದ ಚಿಕ್ಕ ಸ್ಟಿಕ್ಕರ್‌ಗಳಿರುತ್ತವೆ, ಲಾಟ್ ನಂಬರ್ ಸಮೇತ. ಒಂದು ಕ್ಲಿನಿಕ್‌ನ ಫೈಲಿಗೆ, ಒಂದು ನಿಮಗೆ. ಕೇಳಿ ತಗೊಂಡು ನಿಮ್ಮ ಚೀಟಿಯ ಮೇಲೆ ಅಂಟಿಸಿ, ಫೋಟೊ ತೆಗೆದಿಡಿ. ಅತ್ತಿಗೆ ಹತ್ತಿರ ಆ ಒಂದು ಸ್ಟಿಕ್ಕರ್ ಇದ್ದಿದ್ದರೆ ಡಾಕ್ಟರಿಗೆ ಮೊದಲ ದಿನವೇ ದಾರಿ ಗೊತ್ತಾಗುತ್ತಿತ್ತು.

ಒಂದು ಸಿರಿಂಜನ್ನು ಇಬ್ಬರಿಗೆ ಹಂಚುವುದು, "ಅಕ್ಕ ತಂಗಿ ಸೇರಿ ಮಾಡಿಸಿದ್ರೆ ಅರ್ಧ ರೇಟು" ಅನ್ನುವುದು, ಉಳಿದದ್ದನ್ನು ಮುಂದಿನ ಸಲಕ್ಕೆ ಫ್ರಿಜ್ಜಿನಲ್ಲಿಡುವುದು, ಯಾವುದಕ್ಕೂ ಒಪ್ಪಬೇಡಿ. ಬೆಲೆ ಕೇಳುವಾಗ ಒಂದು ಸಿಟ್ಟಿಂಗ್‌ಗೋ ಪೂರ್ತಿ ಕೋರ್ಸಿಗೋ ಅಂತ ಬಿಡಿಸಿ ಕೇಳಿ. ಚೆಲುವಿಗಾಗಿ ಮಾಡಿಸುವುದಕ್ಕೆ ಸಾಮಾನ್ಯವಾಗಿ ಆರೋಗ್ಯ ವಿಮೆ ಸಿಗುವುದಿಲ್ಲ.

ಆರನೆಯದು: ಮನೆಗೆ ಬಂದ ಮೇಲೆ

ಅವತ್ತು ಮುಖ ತಿಕ್ಕಬೇಡಿ, ಮೇಕಪ್ ಬೇಡ, ಜಿಮ್ ಬೇಡ, ಹೆಲ್ಮೆಟ್ ಬಿಗಿಯಾಗಿ ಕೆನ್ನೆ ಒತ್ತುವಂತಿದ್ದರೆ ಆಟೋದಲ್ಲಿ ಬನ್ನಿ. ಸ್ವಲ್ಪ ಊತ, ಚುಚ್ಚಿದಲ್ಲಿ ನೋವು, ನೀಲಿ ಕಲೆ ಸಹಜ. ದಿನದಿಂದ ದಿನಕ್ಕೆ ಕಮ್ಮಿಯಾಗಬೇಕು.

ಸಹಜವಲ್ಲದ್ದು ಯಾವುದು ಅಂತ ಮನೆಯವರಿಗೂ ಹೇಳಿಕೊಡಿ. ಫಿಲ್ಲರ್ ಅಥವಾ ಬೂಸ್ಟರ್ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋಗಿ ಕಟ್ಟಿಕೊಂಡರೆ ಆ ಭಾಗದ ಚರ್ಮಕ್ಕೆ ರಕ್ತ ನಿಲ್ಲುತ್ತದೆ. ಇದು ಅಪರೂಪ, ಆದರೆ ಒಮ್ಮೆ ಆಯಿತೆಂದರೆ ಗಂಟೆಗಳ ಲೆಕ್ಕ. ಬೆಳ್ಳಗಿನವರಲ್ಲಿ ಚರ್ಮ ಸುಣ್ಣದಂತೆ ಬಿಳಿಚುತ್ತದೆ. ನಮ್ಮ ಬಣ್ಣದಲ್ಲಿ ಅದು ಬೂದಿಯಾಗಿ, ಆಮೇಲೆ ನೇರಳೆ ಬಲೆ ಹರಡಿದಂತೆ ಕಾಣುತ್ತದೆ, ಬಲ್ಬಿನ ಹಳದಿ ಬೆಳಕಲ್ಲಿ ತಪ್ಪಿಹೋಗುತ್ತದೆ. ಕಿಟಕಿ ಹತ್ತಿರ ನಿಂತು, ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಒತ್ತಿ ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರಬೇಕು. ಇನ್ನೊಂದು ಕೆನ್ನೆಗೆ ಹೋಲಿಸಿ. ತಡವಾದರೆ, ಅಥವಾ ನೋವು ಏರುತ್ತಲೇ ಇದ್ದರೆ, ಬೆಳಗಿನವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ ಹೊರಡಿ. ಐಸ್ ಇಡಬೇಡಿ, ಅದು ರಕ್ತನಾಳವನ್ನು ಇನ್ನೂ ಸಣ್ಣ ಮಾಡುತ್ತದೆ.

ಕಣ್ಣು ಮಂಜಾದರೆ, ಒಂದು ಕಣ್ಣು ಕಾಣದಂತಾದರೆ, ರೆಪ್ಪೆ ಜೋತುಬಿದ್ದು ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಮೂಗು, ಹುಬ್ಬಿನ ನಡುವೆ ಚುಚ್ಚಿಸಿಕೊಂಡವರು ಕಣ್ಣಿನ ವಿಷಯದಲ್ಲಿ ಇನ್ನೂ ಎಚ್ಚರದಿಂದಿರಿ, ಅಲ್ಲಿನ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳದ ನಂಟಿದೆ. ಕೀವು, ಜ್ವರ, ಎರಡು ಮೂರು ವಾರದ ನಂತರ ಏಳುವ ಗಂಟು, ಇವುಗಳನ್ನು ಆ ವಾರದಲ್ಲೇ ತೋರಿಸಿ. ಮನೆಯಲ್ಲಿ ಹಿಸುಕಬೇಡಿ.

ತೊಂದರೆಯಾದರೆ ದೂರು ಕೊಡಲು ನಾಚಿಕೆ ಪಡಬೇಡಿ. ಚೆಲುವಿಗೆ ಹೋಗಿ ಹೀಗಾಯಿತು ಅಂತ ಮನೆಯಲ್ಲಿ ಬೈಯುತ್ತಾರೆಂದು ಎಷ್ಟೋ ಹೆಂಗಸರು ಸುಮ್ಮನಾಗಿಬಿಡುತ್ತಾರೆ, ಅದೇ ಬಾಟಲಿ ಮುಂದಿನವರಿಗೆ ಹೋಗುತ್ತದೆ. ಡಾಕ್ಟರ ನಡವಳಿಕೆಯ ಬಗ್ಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ, ನೋಂದಣಿ ಇಲ್ಲದ ಕ್ಲಿನಿಕ್ ಬಗ್ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೆ, ಹಣದ ವಿಷಯಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೋಗಬಹುದು. ಔಷಧದಿಂದಲೇ ಅಡ್ಡ ಪರಿಣಾಮವಾದರೆ 1800-180-3024 ಎಂಬ ಉಚಿತ ಸಂಖ್ಯೆಗೆ ನೀವೇ ತಿಳಿಸಬಹುದು. ಫೋನ್ ಮಾಡುವಾಗ ಬಿಲ್ಲು, ದಿನಾಂಕ ಹಾಕಿದ ಮುಖದ ಫೋಟೊಗಳು, ಲಾಟ್ ನಂಬರಿನ ಆ ಸ್ಟಿಕ್ಕರ್ ಕೈಯಲ್ಲಿರಲಿ.